ನನ್ನ ಲೆಕ್ಕ ನನಗೆ ಬಿಟ್ಟುಕೊಡುವ ಬಗ್ಗೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮನೆ ಲೆಕ್ಕದ ಸಾಫ್ಟ್‌ವೇರ್ ಕೆಟ್ಟಿದ್ದು, ಕೆಟ್ಟಿದ್ದನ್ನು ನೀವು ಇನ್ನಷ್ಟು ಕೆಡಿಸಿದ್ದು, ಈಗ ಬೀಗ ಹಾಕಿದ್ದು.

ದೂರಿನ ಸಂಖ್ಯೆ: ನೀವು ಮೂರು ಕೊಟ್ಟಿದ್ದೀರಿ. ಮೂರರ ಮುಂದೆಯೂ "ಪರಿಹರಿಸಲಾಗಿದೆ" ಎಂದು ಹಸಿರು ಬಣ್ಣದಲ್ಲಿ ಬರುತ್ತಿದೆ. ಯಾವುದು ಬೇಕೋ ಆರಿಸಿಕೊಳ್ಳಿ.

ಮಾನ್ಯರೇ,

ಆರು ಸಲ ಫೋನ್ ಮಾಡಿದ್ದೇನೆ. ನಾಲ್ಕು ಮೇಲ್ ಬರೆದಿದ್ದೇನೆ. ಎಲ್ಲದರಲ್ಲೂ "ದಯವಿಟ್ಟು" ಅಂತ ಇತ್ತು. ಇದರಲ್ಲಿ ಇರುವುದಿಲ್ಲ. ಆದರೂ ಸಮಾಧಾನವಾಗಿ ಬರೆಯಬೇಕು ಅಂತ ಬೆಳಿಗ್ಗೆಯಿಂದ ಅಂದುಕೊಂಡು ಕೂತಿದ್ದೇನೆ. ನೋಡೋಣ.

ಹನ್ನೊಂದು ವರ್ಷದಿಂದ ನಮ್ಮ ಮನೆಯ ಜಮಾ ಖರ್ಚು ನಿಮ್ಮ ಸಾಫ್ಟ್‌ವೇರ್‌ನಲ್ಲಿದೆ. ಅದಕ್ಕೆ ಮೊದಲು ಎಕ್ಸೆಲ್‌ನಲ್ಲಿ ಬರೆಯುತ್ತಿದ್ದೆ. ಅಲ್ಲಿ ಒಂದು ಸಾಲು ಅಳಿಸಿಹೋದರೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಸರಿಯಾದ್ದೊಂದು ಬೇಕು ಅಂತ ಒಂದು ತಿಂಗಳು ಮೂರು ಬೇರೆ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಲೆಕ್ಕವನ್ನು ಬರೆದು ನೋಡಿದ್ದೆ. ಗ್ನೂಕ್ಯಾಶ್ ಪುಕ್ಕಟೆ ಸಿಗುತ್ತಿತ್ತು. ಆದರೆ ಅದು ಪ್ರತಿಯೊಂದಕ್ಕೂ ಎರಡು ಕಡೆ ತೋರಿಸು ಅನ್ನುತ್ತದೆ: ದುಡ್ಡು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು. ಆಗ ಅದೊಂದು ಕಿರಿಕಿರಿ ಅನ್ನಿಸಿತ್ತು. ನಿಮ್ಮದನ್ನು ತೆಗೆದುಕೊಂಡಿದ್ದು ಎರಡು ಕಾರಣಕ್ಕೆ. ಫೈಲು ನನ್ನ ಕಂಪ್ಯೂಟರ್‌ನಲ್ಲೇ ಇರುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಆಮೇಲೆ, ಒಂದು ಸಲ ದುಡ್ಡು ಕೊಟ್ಟರೆ ಸಾಕು, ಜೀವನಪೂರ್ತಿ ಲೈಸೆನ್ಸ್ ಅಂತ ಡಬ್ಬದ ಮೇಲೆ ಅಚ್ಚು ಹಾಕಿದ್ದಿರಿ. ಯಾರ ಜೀವನ ಅಂತ ಹಾಕಿರಲಿಲ್ಲ. ನಾನು ಕೇಳಬೇಕಿತ್ತು.

ಹತ್ತು ವರ್ಷ ಚೆನ್ನಾಗಿಯೇ ನಡೆಯಿತು. ಅದನ್ನೂ ಹೇಳಬೇಕು ಅಲ್ವಾ. ತಿಂಗಳ ಕೊನೆಯ ಭಾನುವಾರ ಬ್ಯಾಂಕಿನ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಹೋಗಿ, ಕೊನೆಗೆ ವ್ಯತ್ಯಾಸ ಅನ್ನುವ ಕಡೆ ಸೊನ್ನೆ ಬಂದರೆ ಆ ದಿನ ನನಗೆ ಬೇರೆ ಮನರಂಜನೆ ಬೇಕಾಗುತ್ತಿರಲಿಲ್ಲ.

ನಿಮ್ಮ ಹೊಸ ಅಪ್‌ಡೇಟ್ ಬಂದ ತಿಂಗಳು ಸೊನ್ನೆ ಬರಲಿಲ್ಲ. 4,318 ಬಂತು.

ಮೊದಲನೇ ಫೋನಿನಲ್ಲಿ ನಿಮ್ಮವರು "ಎಲ್ಲೋ ಅಂಕಿ ಹಿಂದೆಮುಂದೆ ಟೈಪ್ ಮಾಡಿದ್ದೀರಿ ಮೇಡಂ" ಎಂದರು. ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಒಂದು ಹಳೇ ಉಪಾಯ ಇದೆ. ಲೆಕ್ಕದ ಸಾಫ್ಟ್‌ವೇರ್ ಮಾರುವವರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಅಂಕಿ ಅದಲುಬದಲಾಗಿದ್ದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. 54ರ ಬದಲು 45 ಬರೆದರೆ 9. 720ರ ಬದಲು 270 ಬರೆದರೆ 450. 4,318ರ ಅಂಕಿಗಳನ್ನು ಕೂಡಿಸಿ, 16 ಬರುತ್ತದೆ. 9ರಿಂದ ಹೋಗುವುದಿಲ್ಲ. ಅಂದರೆ ಅದಲುಬದಲಲ್ಲ, ಯಾವುದೋ ಒಂದು ಮೊತ್ತ ಎರಡು ಸಲ ಬಂದಿದೆ ಅಥವಾ ಬಿಟ್ಟುಹೋಗಿದೆ. ಹುಡುಕಿದೆ. ಹತ್ತು ನಿಮಿಷ ಸಾಕಾಯಿತು. ವಿಮೆಯ ಕಂತು 4,318, ಒಂದೇ ದಿನ, ಎರಡು ಸಲ ಕೂತಿತ್ತು.

ಅದನ್ನು ಟೈಪ್ ಮಾಡಿದ್ದು ನಾನಲ್ಲ. ಬ್ಯಾಂಕಿನಿಂದ ಇಳಿಸಿಕೊಂಡ ಓಎಫ್‌ಎಕ್ಸ್ ಫೈಲಿನಿಂದ, ಅಂದರೆ ಲೆಕ್ಕದ ಸಾಫ್ಟ್‌ವೇರ್ ನೇರವಾಗಿ ಓದಿಕೊಳ್ಳುವ ಸ್ಟೇಟ್‌ಮೆಂಟಿನಿಂದ, ನಿಮ್ಮ ಸಾಫ್ಟ್‌ವೇರೇ ಎತ್ತಿಕೊಂಡಿದ್ದು. ಮೈಕ್ರೋಸಾಫ್ಟ್, ಇಂಟ್ಯೂಟ್ ಮತ್ತು ಚೆಕ್‌ಫ್ರೀ ಕಂಪನಿಗಳು ಸೇರಿ 1997ರಲ್ಲಿ ಆ ಫೈಲಿನ ರೀತಿಯನ್ನು ಮಾಡಿದಾಗಲೇ ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಇಟ್ಟಿದ್ದಾರೆ. ಅದೇ ಸಂಖ್ಯೆ ಮತ್ತೆ ಬಂದರೆ "ಇದು ಬಂದಾಗಿದೆ" ಅಂತ ಬಿಟ್ಟುಬಿಡಲಿ ಅಂತಲೇ ಅದನ್ನು ಇಟ್ಟಿರುವುದು. ನಿಮ್ಮ ಹೊಸ ಅಪ್‌ಡೇಟ್ ಅದನ್ನು ನೋಡುವುದನ್ನೇ ನಿಲ್ಲಿಸಿದೆ. (ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ನಿಮ್ಮ ಹೋಲ್ಡ್ ಸಂಗೀತ ಕೇಳುತ್ತಾ ಕೂತರೆ ಓದಲು ಬೇಕಾದಷ್ಟು ಸಮಯ ಸಿಗುತ್ತದೆ.)

ಒಂದು ಸಾಲು ಅಳಿಸಿ ಸುಮ್ಮನಿದ್ದಿದ್ದರೆ ಇವತ್ತು ಈ ಪತ್ರ ಇರುತ್ತಿರಲಿಲ್ಲ. ನಿಮ್ಮನ್ನು ಕೇಳಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಮೂರನೇ ಫೋನಿನಲ್ಲಿ ನಿಮ್ಮವರು ಹೇಳಿಕೊಟ್ಟ ಮದ್ದು ಇದು: ಎಲ್ಲವನ್ನೂ ಕ್ಯೂಐಎಫ್ ಅನ್ನುವ ಇನ್ನೊಂದು ರೀತಿಯ ಲೆಕ್ಕದ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಫೈಲು ತೆರೆದು, ಅದರೊಳಗೆ ಇಂಪೋರ್ಟ್ ಮಾಡಿ. ಮಾಡಿದೆ. ಮರುದಿನ ನೋಡಿದರೆ ಆಗಸ್ಟ್ 3ರಂದು ಕಟ್ಟಿದ ಕರೆಂಟ್ ಬಿಲ್ಲು ಮಾರ್ಚ್ 8ಕ್ಕೆ ಹೋಗಿ ಕೂತಿದೆ. ಆಗಸ್ಟ್ 20ರದ್ದು ಮಾತ್ರ ಅಲ್ಲೇ ಇದೆ. ತಲೆ ಕೆಟ್ಟು ಆ ಕ್ಯೂಐಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಒಳಗಿರುವುದು ಬಹಳ ಸರಳ. ಡಿ ಅಂದರೆ ತಾರೀಕು, ಟಿ ಅಂದರೆ ಮೊತ್ತ, ಪಿ ಅಂದರೆ ಯಾರಿಗೆ ಕೊಟ್ಟಿದ್ದು, ಪ್ರತಿ ವ್ಯವಹಾರದ ಕೊನೆಗೆ ಒಂದು ಟೋಪಿ ಗುರುತು (^). ಆ ಟೋಪಿ ಯಾರಿಗೆ ಅಂತ ಆಮೇಲೆ ಗೊತ್ತಾಯಿತು.

ತಾರೀಕನ್ನು ಬರೆಯುವಾಗ ನಿಮ್ಮ ಸಾಫ್ಟ್‌ವೇರ್ ದಿನವನ್ನು ಮೊದಲು ಬರೆದಿದೆ. ಓದುವಾಗ ತಿಂಗಳನ್ನು ಮೊದಲು ಓದಿದೆ. ಹಾಗಾಗಿ 12ನೇ ತಾರೀಕಿನವರೆಗಿನದೆಲ್ಲ ತಲೆಕೆಳಗಾಗಿದೆ. 13ರಿಂದ ಮುಂದಿನದು ಉಳಿದುಕೊಂಡಿದೆ, ಯಾಕೆಂದರೆ 13ನೇ ತಿಂಗಳು ಅನ್ನುವುದು ನಿಮ್ಮ ಸಾಫ್ಟ್‌ವೇರ್‌ಗೂ ಸಿಗಲಿಲ್ಲ. ಬರೆದದ್ದೂ ನೀವೇ, ಓದಿದ್ದೂ ನೀವೇ. ಎಡಗೈ ಬರೆದದ್ದು ಬಲಗೈಗೆ ತಿಳಿಯುವುದಿಲ್ಲ ಅಂದರೆ ಏನು ಹೇಳಬೇಕು? ಸಾಲದ್ದಕ್ಕೆ, ಉಳಿತಾಯ ಖಾತೆಯಿಂದ ಸಾಲದ ಖಾತೆಗೆ ವರ್ಗಾಯಿಸಿದ್ದೆಲ್ಲ ಎರಡೂ ಕಡೆಯಿಂದ ಬಂದು ಎರಡೆರಡು ಸಲ ಕೂತಿದೆ. ಎಣಿಸಿದ್ದೇನೆ. 214. ಒಂದು ತಪ್ಪು ತೆಗೆದುಕೊಂಡು ಬಂದವಳಿಗೆ 214 ಮಾಡಿ ಕಳಿಸಿದ್ದೀರಿ.

ಅದನ್ನು ತಿದ್ದೋಣ ಅಂತ ಕೂತ ದಿನವೇ ಸ್ಕ್ರೀನ್ ಮೇಲೆ ಒಂದು ಸೂಚನೆಯ ಪೆಟ್ಟಿಗೆ ಬಂತು. "ನಿಮ್ಮ ಆವೃತ್ತಿ ಈಗ ಓದಲು ಮಾತ್ರ. ಬದಲಾವಣೆ ಮಾಡಲು ಚಂದಾದಾರರಾಗಿ." ಅಂದರೆ ತಪ್ಪನ್ನು ನೋಡಬಹುದು, ತಿದ್ದುವಂತಿಲ್ಲ. ಎಕ್ಸ್‌ಪೋರ್ಟ್ ಬಟನ್ನೂ ಬೂದು ಬಣ್ಣಕ್ಕೆ ತಿರುಗಿದೆ. ಉಳಿದಿರುವುದು ಪಿಡಿಎಫ್ ಒಂದೇ. ಪಿಡಿಎಫ್ ಅಂದರೆ ಲೆಕ್ಕದ ಫೋಟೋ. ಚಿತ್ರದ ಹಸು ಹಾಲು ಕೊಡುತ್ತದೆಯೇ? ಪೆನ್‌ಡ್ರೈವ್‌ನಲ್ಲಿ ಹಳೇ ಬ್ಯಾಕಪ್ ಇದೆ, ವಾರವಾರ ತೆಗೆದಿಟ್ಟಿದ್ದು. ತೆರೆಯಲು ಹೋದರೆ ಅದೇ ಪೆಟ್ಟಿಗೆ. ಹಳೇ ಸಿಡಿಯಿಂದ ಹಳೇ ಆವೃತ್ತಿ ಹಾಕಿದರೆ, ಲೈಸೆನ್ಸ್ ಪರೀಕ್ಷೆ ಮಾಡುವ ನಿಮ್ಮ ಸರ್ವರ್ ಮುಚ್ಚಿದೆಯಂತೆ.

ಈಗ ಆರನೇ ಫೋನಿನ ವಿಷಯಕ್ಕೆ ಬರುತ್ತೇನೆ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದು ನಡೆದ ಮೇಲೆ ನಾನು ಎರಡು ದಿನ ಸರಿಯಾಗಿ ನಿದ್ದೆ ಮಾಡಿಲ್ಲ.

ಮಂಗಳವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ. ಇಪ್ಪತ್ತೆರಡು ನಿಮಿಷ ಕಾಯಿಸಿದ ಮೇಲೆ ಒಬ್ಬ ಹುಡುಗ ಮಾತಾಡಿದ. ಹೆಸರು ಬರೆಯುವುದಿಲ್ಲ, ಪಾಪ, ಅವನ ಹೊಟ್ಟೆಪಾಡು. ನಾನು ಮೊದಲಿಂದ ಎಲ್ಲ ಹೇಳಿದೆ. ಓಎಫ್‌ಎಕ್ಸ್ ಎಂದೆ, ಗುರುತಿನ ಸಂಖ್ಯೆ ಎಂದೆ, ದಿನ ತಿಂಗಳು ತಿರುಗಿದ್ದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಮೇಡಂ, ಮನೇಲಿ ಸರ್ ಇದ್ದಾರಾ? ಅವರ ಹತ್ರ ಫೋನ್ ಕೊಡ್ತೀರಾ?"

ಯಾಕೆ ಅಂತ ಕೇಳಿದೆ.

"ಸ್ವಲ್ಪ ಟೆಕ್ನಿಕಲ್ ಇದೆ ಮೇಡಂ."

ನಮ್ಮ ಮನೆಯವರು ಅಲ್ಲೇ ಪೇಪರ್ ಓದುತ್ತಿದ್ದರು. ಸ್ಪೀಕರ್ ಹಾಕಿ ಫೋನ್ ಅವರ ಮುಂದಿಟ್ಟೆ. ಅವರು "ನನಗೆ ಅದರ ಪಾಸ್‌ವರ್ಡೂ ಗೊತ್ತಿಲ್ಲಪ್ಪ, ಅವಳನ್ನೇ ಕೇಳು" ಅಂದರು. ಹುಡುಗ "ಓಕೆ ಸರ್, ಥ್ಯಾಂಕ್ಯೂ ಸರ್" ಅಂದ. ನನಗೆ ಇಪ್ಪತ್ತೆರಡು ನಿಮಿಷದಲ್ಲಿ ಸಿಗದ ಥ್ಯಾಂಕ್ಯೂ ಅದು.

ಆಮೇಲೆ ಸ್ಕ್ರೀನ್ ತೋರಿಸಿ ಅಂದ. ಒಪ್ಪಿದೆ. ನನ್ನ ಮೌಸ್ ತಾನಾಗೇ ಓಡಾಡತೊಡಗಿತು. ನನ್ನನ್ನು ಕೇಳದೆ "ಮರೆಮಾಡಿದ ಖಾತೆಗಳನ್ನೂ ತೋರಿಸು" ಅನ್ನುವಲ್ಲಿ ಟಿಕ್ ಹಾಕಿದ. ಮರೆಮಾಡುವ ಸೌಲಭ್ಯ ಕೊಟ್ಟವರು ನೀವೇ. ಜನ ಯಾಕೆ ಮರೆಮಾಡುತ್ತಾರೆ ಅಂತ ನಿಮಗೆ ಒಂದು ಅಂದಾಜು ಇರುತ್ತದೆ ಅಂದುಕೊಂಡಿದ್ದೆ. ಪಟ್ಟಿಯ ಕೊನೆಗೆ ಒಂದು ಖಾತೆ ಮೇಲೆದ್ದು ಬಂತು. ಅವನು ಸ್ಪೀಕರ್‌ನಲ್ಲಿ, ಗಟ್ಟಿಯಾಗಿ, ಅಕ್ಷರ ಬಿಡಿಸಿ ಓದಿದ:

"ಮೇಡಂ, ಇಲ್ಲಿ 'ತಮ್ಮ, ಬರಲ್ಲ' ಅಂತ ಒಂದು ಖಾತೆ ಇದೆ. ತಮ್ಮ ಎಲ್ಲಿಗೆ ಬರಲ್ಲ ಮೇಡಂ?"

ಪೇಪರ್ ಕೆಳಗಿಳಿಯಿತು.

ತಮ್ಮ ಬರಲ್ಲ ಅಂತಲ್ಲ. ಅವನಿಗೆ ಕೊಟ್ಟಿದ್ದು ವಾಪಸ್ ಬರಲ್ಲ ಅಂತ. ಏಳು ವರ್ಷದ ಲೆಕ್ಕ. ಅದರ ಒಟ್ಟು ಮೊತ್ತ ಬಲಗಡೆ ದಪ್ಪ ಅಕ್ಷರದಲ್ಲಿತ್ತು. ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ಎದ್ದು ಬಂದು ಅದನ್ನು ಓದಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹುಡುಗ ಮಾತ್ರ ಉತ್ಸಾಹದಲ್ಲಿದ್ದ. "ಇದರಿಂದಲೇ ಪ್ರಾಬ್ಲಂ ಇರಬಹುದು ಮೇಡಂ, ಡಿಲೀಟ್ ಮಾಡಿ ನೋಡೋಣ" ಅಂದ. ನಾನು ಬೇಡ ಅನ್ನುವಷ್ಟರಲ್ಲಿ ಒತ್ತಿಯೂ ಬಿಟ್ಟ. ಆಗ ಆ ಪೆಟ್ಟಿಗೆ ಬಂತು: ಚಂದಾದಾರರಾಗಿ. ಅವನು "ಮೇಡಂ, ಇದು ಚಂದಾ ಕೇಳ್ತಾ ಇದೆ" ಅಂದ. ನಾನು "ಹೌದಪ್ಪ, ಅದಕ್ಕೇ ಫೋನ್ ಮಾಡಿದ್ದು" ಅಂದೆ. "ಓ" ಅಂದ. ಲೈನ್ ಕಟ್ ಆಯಿತು. ಐದು ನಿಮಿಷಕ್ಕೆ ಮೆಸೇಜು ಬಂತು, ಸೇವೆಗೆ 1ರಿಂದ 5ರವರೆಗೆ ಅಂಕ ಕೊಡಿ ಅಂತ.

ಒಂದು ಮಾತು. ಮೈಕ್ರೋಸಾಫ್ಟ್‌ನವರೂ ಹಿಂದೆ ಮನಿ ಅಂತ ಇಂಥದ್ದೇ ಒಂದನ್ನು ಮಾರುತ್ತಿದ್ದರು. 2009ರಲ್ಲಿ ಮಾರಾಟ ನಿಲ್ಲಿಸಿದರು. ಆದರೆ ಮರುವರ್ಷ ಸನ್‌ಸೆಟ್ ಅಂತ ಒಂದು ಕೊನೆಯ ಆವೃತ್ತಿ ಬಿಟ್ಟರು. ಪುಕ್ಕಟೆ. ಅದಕ್ಕೆ ಯಾವ ಸರ್ವರಿನ ಅನುಮತಿಯೂ ಬೇಕಿರಲಿಲ್ಲ, ಹಳೇ ಫೈಲು ತೆರೆಯುತ್ತಿತ್ತು. ಅಂಗಡಿ ಮುಚ್ಚಿದವರು ಬೀಗದ ಕೈಯನ್ನು ಗಿರಾಕಿಯ ಕೈಗಿಟ್ಟು ಹೋದರು. ನೀವು ಅಂಗಡಿ ತೆರೆದಿಟ್ಟುಕೊಂಡೇ ನನ್ನ ಪೆಟ್ಟಿಗೆಗೆ ಬೀಗ ಜಡಿದಿದ್ದೀರಿ.

ನಿಮ್ಮ ಷರತ್ತುಗಳ 7ನೇ ಕಲಂ, ಎರಡನೇ ಭಾಗ. ಇಲ್ಲಿ ಬಿಡಿಸಿ ಬರೆಯುವುದಿಲ್ಲ, ನೀವು ಬರೆದದ್ದು ನಿಮಗೆ ಗೊತ್ತಿರಲೇಬೇಕು. ಅದರ ಪ್ರಕಾರ ನನಗೆ ಬೇಕಾಗಿರುವುದು ಇಷ್ಟೇ: ಎಕ್ಸ್‌ಪೋರ್ಟ್ ಬಟನ್ ತೆರೆಯಬೇಕು, ಹಳೇ ಬ್ಯಾಕಪ್‌ನಿಂದ ಸಿಎಸ್‌ವಿ, ಅಂದರೆ ಎಕ್ಸೆಲ್‌ನಲ್ಲೂ ತೆರೆಯುವಂಥ ಸಾದಾ ಫೈಲು, ಬರಬೇಕು. ದುಡ್ಡು ವಾಪಸ್ ಬೇಡ. ಕ್ಷಮೆಯೂ ಬೇಡ, ಅದರ ಮಾದರಿ ಪತ್ರ ನನ್ನ ಹತ್ತಿರ ನಾಲ್ಕಿವೆ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. "ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಅಂತ ಆರು ಸಲವೂ ಹೇಳಿದ್ದೀರಿ. ಆ ಮಂಗಳವಾರದ ರೆಕಾರ್ಡಿಂಗ್ ಜೋಪಾನ. ನನ್ನ ಹತ್ತಿರವೂ ಒಂದಿದೆ.

ಗ್ನೂಕ್ಯಾಶ್ ಆಗಲೇ ಹಾಕಿಕೊಂಡಿದ್ದೇನೆ. ಪಿಡಿಎಫ್ ನೋಡಿಕೊಂಡು ದಿನಕ್ಕೆ ಒಂದು ತಿಂಗಳಿನಂತೆ ಕೈಯಲ್ಲೇ ಹೊಡೆಯುತ್ತಿದ್ದೇನೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಮೊತ್ತ ಓದಿ ಹೇಳುತ್ತಾರೆ. ತಮ್ಮನ ಖಾತೆ ಬಂದಾಗ ಮಾತ್ರ ಸ್ವಲ್ಪ ಜೋರಾಗಿ ಓದುತ್ತಾರೆ.

ಇನ್ನೊಂದು. ಈ ಹನ್ನೊಂದು ವರ್ಷದಲ್ಲಿ ನನ್ನ ಮಾತು ಕೇಳಿ ಒಂಬತ್ತು ಮನೆಯವರು ನಿಮ್ಮ ಸಾಫ್ಟ್‌ವೇರ್ ಕೊಂಡಿದ್ದಾರೆ. ಅವರಲ್ಲಿ ಆರು ಜನ ಈಗಾಗಲೇ ಚಂದಾ ಕಟ್ಟಿದ್ದಾರೆ. ಪ್ರತಿಯೊಬ್ಬರ ಚಂದಾ ಮುಗಿಯುವುದಕ್ಕೆ ಒಂದು ವಾರ ಮೊದಲು ಅವರ ಕಂಪ್ಯೂಟರ್ ಮುಂದೆ ನಾನೇ ಹೋಗಿ ಕೂರುತ್ತೇನೆ. ಅವರಿಗೆ ಎಕ್ಸ್‌ಪೋರ್ಟ್ ಬಟನ್ ಇನ್ನೂ ಕೆಲಸ ಮಾಡುತ್ತದೆ. ಆರೂ ತಾರೀಕುಗಳನ್ನು ಬೀಗ ಬೀಳುವ ಮೊದಲೇ ನಿಮ್ಮ ಸಾಫ್ಟ್‌ವೇರ್‌ನ ರಿಮೈಂಡರ್‌ನಲ್ಲಿ ಬರೆದಿಟ್ಟಿದ್ದೆ. ಅದೊಂದು ಮಾತ್ರ ಇವತ್ತಿಗೂ ಸರಿಯಾದ ದಿನಕ್ಕೆ ಬಡಿಯುತ್ತದೆ. ಮೊದಲನೆಯದು ಮುಂದಿನ ಗುರುವಾರ.

ಇಂತಿ,
ನಿಮ್ಮ ಜೀವನಪೂರ್ತಿ ಗ್ರಾಹಕಿ