ಒಂದು ರಾಗ, ಒಂದು ನಕ್ಷೆ ಆರಿಸಿ ಕಳಿಸಿ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟಿ,

ನಾನಿಲ್ಲಿ ಆರಾಮಾಗಿದ್ದೇನೆ. ಆರೋಗ್ಯ, ಕೆಲಸ, ಹವಾಮಾನ ಎಲ್ಲ ಫೋನಿನಲ್ಲಿ ಮಾತಾಡಿಯಾಗಿದೆ. ಈ ಪತ್ರದಲ್ಲಿ ಬರೀ ಪ್ರಶ್ನೆಗಳಿವೆ. ವಿಷಯ ಎರಡೇ, ಸಂಗೀತ ಮತ್ತು ನಕ್ಷೆ. ಅಪ್ಪನ ಬಿ.ಪಿ. ಎಷ್ಟಿದೆ ಅಂತ ನನಗೆ ಪ್ರತಿ ವಾರ ಗೊತ್ತಾಗುತ್ತದೆ. ಆದರೆ ಈಗ ಅಪ್ಪನಿಗೆ ಯಾವ ರಾಗದ ಹುಚ್ಚು ಹಿಡಿದಿದೆ ಅಂತ ಗೊತ್ತಾಗುವುದಿಲ್ಲ. ದೂರದಲ್ಲಿರುವವನಿಗೆ ಅದೂ ಗೊತ್ತಿರಬೇಕು, ಅಲ್ವಾ?

‘ಎಲ್ಲಾನೂ ಇಷ್ಟ’ ಅಂತ ಬರೆಯುವ ಹಾಗಿಲ್ಲ. ಒಂದನ್ನೇ ಆರಿಸಬೇಕು, ಯಾಕೆ ಅಂತಾನೂ ಹೇಳಬೇಕು. ನನ್ನ ಉತ್ತರಗಳನ್ನು ನಾನು ಜೊತೆಗೇ ಬರೆದಿದ್ದೇನೆ.

ಅಮ್ಮಾ, ಮೊದಲು ನಿನಗೆ. ಮೇಳಕರ್ತದ ಪಟ್ಟಿಯನ್ನು, ಅಂದರೆ ಕರ್ನಾಟಕ ಸಂಗೀತದ 72 ಮೂಲ ರಾಗಗಳ ಪಟ್ಟಿಯನ್ನು, ಒಂದು ಊರಿನ ನಕ್ಷೆ ಅಂದುಕೋ. ಅದರ ಗುಂಪುಗಳಾದ ಚಕ್ರಗಳೇ ಬೀದಿಗಳು, ರಾಗಗಳೇ ಮನೆಗಳು. 12 ಬೀದಿ, ಒಂದೊಂದರಲ್ಲೂ 6 ಮನೆ. ಮೊದಲ 36 ಮನೆಗಳಲ್ಲಿ ಶುದ್ಧ ಮಧ್ಯಮ (ಕೆಳಗಿನ ‘ಮ’), ಆಮೇಲಿನ 36ರಲ್ಲಿ ಪ್ರತಿ ಮಧ್ಯಮ (ಮೇಲಿನ ‘ಮ’). ನಿನಗೆ ಅಲ್ಲೊಂದು ಮನೆ ಕೊಡುತ್ತೇವೆ ಅಂದರೆ ಯಾವ ನಂಬರ್ ಕೇಳುತ್ತೀಯ?

ನಾನು 65 ಕೇಳುತ್ತೇನೆ, ಕಲ್ಯಾಣಿ. 29ನೆಯ ಶಂಕರಾಭರಣಕ್ಕೆ 36 ಕೂಡಿಸಿದರೆ ಸಿಗುವುದು ಅದೇ. ಉಳಿದ ಸ್ವರಗಳೆಲ್ಲ ಅವೇ, ಮಧ್ಯಮ ಒಂದು ಮಾತ್ರ ಅರ್ಧ ಸ್ವರ ಮೇಲೆ. ಅಷ್ಟಕ್ಕೇ ರಾಗದ ಮುಖವೇ ಬೇರೆಯಾಗುತ್ತದೆ. ಹಾಡುವವರು ಗಾಂಧಾರದಲ್ಲಿ ಸಾಕಷ್ಟು ಹೊತ್ತು ನಿಂತು, ಅವಸರ ಮಾಡದೆ ಆ ಮಧ್ಯಮವನ್ನು ಮುಟ್ಟಿ ಪಂಚಮಕ್ಕೆ ಹೋಗುತ್ತಾರಲ್ಲ, ಆ ಒಂದು ಗಳಿಗೆಗಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ.

ಇದರ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. 17ನೆಯ ಶತಮಾನದಲ್ಲಿ ಸಂಗೀತ ಶಾಸ್ತ್ರಜ್ಞ ವೆಂಕಟಮಖಿ ಈ 72ರ ಲೆಕ್ಕ ಹಾಕಿದಾಗ ಬಳಕೆಯಲ್ಲಿದ್ದದ್ದು 19 ಮೇಳಗಳು. ಮಿಕ್ಕ ಮನೆಗಳೆಲ್ಲ ಖಾಲಿ. ಸಾಮಾನ್ಯವಾಗಿ ನೆಲ ನೋಡಿ ನಕ್ಷೆ ಬರೆಯುತ್ತಾರೆ. ಇಲ್ಲಿ ನಕ್ಷೆ ಮೊದಲು ಬಂತು, ಜನ ಆಮೇಲೆ ಹೋಗಿ ನೆಲೆಸಿದರು! ಕೋಟೀಶ್ವರ ಅಯ್ಯರ್ 72 ರಾಗಗಳಲ್ಲೂ ಕೃತಿ ರಚಿಸಿದರು. ಇವತ್ತಿಗೂ ಕೆಲವು ಮನೆಗಳಿಗೆ ಹೋಗುವವರು ಕಡಿಮೆ. ಅಂಥ ಯಾವ ರಾಗವನ್ನು ಜನ ಇನ್ನೂ ಜಾಸ್ತಿ ಹಾಡಬೇಕು ಅನಿಸುತ್ತದೆ ಅಂತಾನೂ ಬರಿ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ನೀನು ಹೇಳಿದ್ದನ್ನೇ ಹುಡುಕಿ ಕೇಳುತ್ತೇನೆ.

ಅಪ್ಪಾ, ನಿಮಗೆ ನಕ್ಷೆಯ ಪ್ರಶ್ನೆ. ಪ್ರತಿಯೊಂದು ನಕ್ಷೆಯೂ ಎಲ್ಲೋ ಒಂದು ಕಡೆ ಸುಳ್ಳು ಹೇಳುತ್ತದೆ. ಯಾವ ನಕ್ಷೆಯ ಸುಳ್ಳನ್ನು ನೀವು ಖುಷಿಯಿಂದ ಕ್ಷಮಿಸುತ್ತೀರಿ? 1569ರಲ್ಲಿ ಮರ್ಕೇಟರ್ ಬರೆದ ಪ್ರಪಂಚದ ನಕ್ಷೆಯಲ್ಲಿ ಧ್ರುವದ ಕಡೆಗೆ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. ಆ ಲೆಕ್ಕದಲ್ಲಿ ಬರೆದ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಆದರೆ ನಾವಿಕರಿಗೆ ಬೇಕಾಗಿದ್ದದ್ದೇ ಬೇರೆ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ. ನೀವು ಅದನ್ನೇ ಆರಿಸುತ್ತೀರಿ ಅಂತ ನನ್ನ ಊಹೆ.

ನನ್ನ ಕ್ಷಮೆ ಲಂಡನ್ನಿನ ಸುರಂಗ ರೈಲಿನ ನಕ್ಷೆಗೆ. ಹ್ಯಾರಿ ಬೆಕ್ ಅದನ್ನು ಬರೆದದ್ದು 1931ರಲ್ಲಿ, ಜನರ ಕೈಗೆ ಬಂದದ್ದು 1933ರಲ್ಲಿ. ಗೆರೆಗಳು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಅದರಲ್ಲಿ ದೂರದ ಲೆಕ್ಕ ನಂಬುವ ಹಾಗೇ ಇಲ್ಲ. ನೆಲದ ಒಳಗೆ ಕೂತವರಿಗೆ ದೂರ ಕಟ್ಟಿಕೊಂಡು ಏನಾಗಬೇಕು? ಎಲ್ಲಿ ಇಳಿದು ಯಾವ ರೈಲು ಹತ್ತಬೇಕು ಅನ್ನೋದು ತಿಳಿದರೆ ಸಾಕು. ಬೇಡದ್ದನ್ನು ಇಷ್ಟು ಧೈರ್ಯವಾಗಿ ಕೈಬಿಟ್ಟ ಕೆಲಸ ಅಪರೂಪ.

ಹಾಗೇ ಸುಮ್ನೆ ಒಂದು ಸಣ್ಣ ಪ್ರಶ್ನೆ: ಮಲ್ಲಿಕಾರ್ಜುನ ಮನ್ಸೂರರ ರಾಗಗಳಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು ಅಂದರೆ ಯಾವುದು? ನನ್ನದು ನಟ ಬಿಹಾಗ್.

ಪುಟ್ಟೀ, ನಿನಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಕಣ್ಣಿಗೆ ಕಾಣದ ಯಾವುದರ ನಕ್ಷೆ ನಿನಗೆ ಬೇಕು? ಗಾಳಿ, ವಾಸನೆ, ಹಕ್ಕಿ ಹಾರುವ ದಾರಿ, ರಾತ್ರಿಯ ಸದ್ದು, ಏನು ಬೇಕಾದರೂ ಆಗಬಹುದು.

ನಾನು ಮೇರಿ ಥಾರ್ಪ್ ಬರೆದ ಸಮುದ್ರದ ತಳದ ನಕ್ಷೆ ಹೇಳುತ್ತೇನೆ. ಹಡಗಿನಿಂದ ನೀರಿನ ಆಳಕ್ಕೆ ಒಂದು ಸದ್ದು ಬಿಡುತ್ತಾರೆ. ಅದು ತಳಕ್ಕೆ ತಾಗಿ ಪ್ರತಿಧ್ವನಿಯಾಗಿ ಮೇಲೆ ಬರುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಹೋಗಿ ಬರಲು ಹಿಡಿದ ಸಮಯ ಗೊತ್ತಿದ್ದರೆ ಆಳ ಗೊತ್ತಾದ ಹಾಗೆ. ಆಗ ಹೆಂಗಸರನ್ನು ಸಂಶೋಧನಾ ಹಡಗುಗಳಿಗೆ ಹತ್ತಿಸುತ್ತಿರಲಿಲ್ಲ. ಥಾರ್ಪ್ ಮೇಜಿನ ಮುಂದೆ ಕೂತು, ಹಡಗುಗಳು ತಂದ ಆ ಅಂಕಿಗಳನ್ನೆಲ್ಲ ಒಂದೊಂದಾಗಿ ಗೆರೆಯಾಗಿಸಿದರು. 1950ರ ದಶಕದ ಮೊದಲಲ್ಲಿ, ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲಿನ ನೆತ್ತಿಯ ಉದ್ದಕ್ಕೂ ಒಂದು ಕಣಿವೆ ಇರುವುದು ಅವರ ಗೆರೆಗಳಲ್ಲಿ ಕಂಡಿತು. ಜೊತೆಗಾರ ಬ್ರೂಸ್ ಹೀಜನ್ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಖಂಡಗಳು ಸರಿಯುತ್ತವೆ ಅನ್ನೋ ಮಾತಿಗೆ ಅದು ದೊಡ್ಡ ಬಲ ಕೊಟ್ಟಿತು. ಅವರಿಬ್ಬರ ಕೆಲಸವನ್ನು ಹೈನ್ರಿಕ್ ಬೆರಾನ್ ಬಣ್ಣದಲ್ಲಿ ಬರೆದ ಇಡೀ ಜಗತ್ತಿನ ಸಾಗರ ತಳದ ನಕ್ಷೆ 1977ರಲ್ಲಿ ಹೊರಬಂತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಅಷ್ಟು ಬೆಟ್ಟ, ಅಷ್ಟು ಕಣಿವೆ, ಎಲ್ಲಾ ಕಿವಿಯಿಂದ ಕಂಡದ್ದು.

ಅದೇ 1977ರಲ್ಲಿ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳು ಹಾರಿದವು. ಒಂದೊಂದರಲ್ಲೂ ಚಿನ್ನದ ಲೇಪದ ಒಂದು ತಾಮ್ರದ ರೆಕಾರ್ಡ್ ಇದೆ. ಒಳಗೆ ಸುಮಾರು 90 ನಿಮಿಷ ಸಂಗೀತ, 55 ಭಾಷೆಗಳಲ್ಲಿ ಶುಭಾಶಯ. ಕನ್ನಡವೂ ಇದೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಅಪ್ಪಾ, ಅವರ ಗುರು ಅಲ್ಲಾದಿಯಾ ಖಾನ್. ಮನ್ಸೂರರಿಗೆ ಕಲಿಸಿದವರು ಅದೇ ಖಾನ್ ಸಾಹೇಬರ ಮಕ್ಕಳು ಮಂಜಿ ಖಾನ್, ಬುರ್ಜಿ ಖಾನ್. ನೀವು ದಿನಾ ಕೇಳುವ ಘರಾನೆಯೇ, ಆ ಗುರುಪರಂಪರೆಯೇ, ನಕ್ಷತ್ರಗಳ ಕಡೆ ಹೊರಟಿದೆ! ಇನ್ನು ರೆಕಾರ್ಡಿನ ಹೊದಿಕೆಯ ಮೇಲೆ ಒಂದು ನಕ್ಷೆ ಕೊರೆದಿದ್ದಾರೆ. ಸೂರ್ಯನಿಂದ 14 ಪಲ್ಸಾರ್‌ಗಳ ಕಡೆಗೆ 14 ಗೆರೆಗಳು. ಪಲ್ಸಾರ್ ಅಂದರೆ ತಾಳ ತಪ್ಪದೆ ಮಿಡಿಯುವ ನಕ್ಷತ್ರ. ಒಂದೊಂದರ ಮಿಡಿತ ಎಷ್ಟು ಹೊತ್ತಿಗೊಮ್ಮೆ ಅಂತ ಆ ಗೆರೆಗಳ ಮೇಲೇ ಗುರುತು ಹಾಕಿದ್ದಾರೆ. ನಮ್ಮ ವಿಳಾಸವನ್ನು ಲಯದಲ್ಲಿ ಬರೆದಿದ್ದಾರೆ.

ಹಾಗಾಗಿ ಕೊನೆಯ ಪ್ರಶ್ನೆ ಮೂವರಿಗೂ. ಅಂಥದೇ ಇನ್ನೊಂದು ರೆಕಾರ್ಡ್ ಹೊರಟರೆ, ಒಂದೇ ಸಂಗೀತ, ಒಂದೇ ನಕ್ಷೆ. ಯಾವುದನ್ನು ಕಳಿಸುತ್ತೀರಿ?

ನಾನು ಕಳಿಸುವ ನಕ್ಷೆ ಮಾರ್ಷಲ್ ದ್ವೀಪಗಳದ್ದು. ಕಡ್ಡಿಗಳನ್ನು ಕಟ್ಟಿ ಮಾಡಿದ್ದು. ಬಾಗಿದ ಕಡ್ಡಿಗಳು ಸಮುದ್ರದ ಅಲೆ ಹೇಗೆ ತಿರುಗುತ್ತದೆ ಅಂತ ತೋರಿಸುತ್ತವೆ, ಕಟ್ಟಿದ ಚಿಪ್ಪುಗಳು ದ್ವೀಪಗಳು. ನಾವಿಕರು ಅದನ್ನು ದಡದಲ್ಲೇ ಕಲಿತು, ಅಲ್ಲೇ ಬಿಟ್ಟು ಹೋಗುತ್ತಿದ್ದರು. ಸಮುದ್ರದಲ್ಲಿ ದೋಣಿಗೆ ತಾಗುವ ಅಲೆಯನ್ನು ಮೈಯಿಂದಲೇ ಗುರುತು ಹಿಡಿಯುತ್ತಿದ್ದರು. ಕಚೇರಿಯಲ್ಲಿ ಪುಸ್ತಕ ನೋಡದೆ ಹಾಡುವವರನ್ನು ಕಂಡರೆ ನನಗಾಗುವ ಗೌರವವೇ ಅವರ ಮೇಲೂ ಇದೆ. ಸಂಗೀತ ಅಂದರೆ, ಬರೀ ತಂಬೂರಿ. ಯಾರೂ ಹಾಡುವುದು ಬೇಡ. ನಾಲ್ಕು ತಂತಿ ಚೆನ್ನಾಗಿ ಶ್ರುತಿ ಸೇರಿದರೆ, ಮೀಟದೇ ಇರುವ ಸ್ವರಗಳೂ ಅದರೊಳಗೆ ಕೇಳುತ್ತವೆ. ಅದು ಸಿಕ್ಕವರು, ಅವರ ಹತ್ತಿರ ಹಾಡು ಅಂತ ಒಂದಿದ್ದರೆ, ಅದರ ಮೇಲೆ ಅವರೇ ಹಾಡಿಕೊಳ್ಳಲಿ.

ಒಬ್ಬರ ಉತ್ತರ ಒಬ್ಬರು ನೋಡಬೇಡಿ. ಪುಟ್ಟೀ, ಎಲ್ಲರದ್ದೂ ಸೇರಿಸಿ ಕಳಿಸೋ ಜವಾಬ್ದಾರಿ ನಿನ್ನದು. ನಿನ್ನ ನಕ್ಷೆಯನ್ನು ಕೈಯಲ್ಲೇ ಬರೆದು ಫೋಟೋ ತೆಗೆ. ಅಮ್ಮ ಮಾತ್ರ ಬರೆಯುವುದು ಬೇಡ, ತನ್ನ ಮನೆ ನಂಬರಿನ ರಾಗವನ್ನು ಐದು ನಿಮಿಷ ಹಾಡಿ ರೆಕಾರ್ಡ್ ಮಾಡಲಿ.

ನಿಮ್ಮ ಪ್ರೀತಿಯ ಮಗ,
ಪುಟ್ಟಿಯ ಅಣ್ಣ