ಗೆಳೆಯನಿಗೊಂದು ಪತ್ರ: ಉಲಿ ಹೋನೆಸ್ ಬಗ್ಗೆ ನಿನ್ನ ಮಾತಿಗೆ

ಪ್ರೀತಿಯ ಗೆಳೆಯ,

ಜರ್ಮನಿಯ ಫುಟ್‌ಬಾಲ್ ಆಟಗಾರ ಉಲಿ ಹೋನೆಸ್ ಹೆಸರು ತೆಗೆದರೆ ಸಾಕು, "ತೆರಿಗೆ ಕದ್ದು ಜೈಲಿಗೆ ಹೋದವನು, ಅವನ ಬಗ್ಗೆ ಮಾತಾಡೋಕೆ ಏನಿದೆ?" ಅಂತೀಯ. ಕದ್ದದ್ದು ನಿಜ. ಅದನ್ನೂ ಬರೆಯುತ್ತೇನೆ. ಆದರೆ ಬೂಟು ಕಳಚಿಟ್ಟ ಮೇಲೆ ಒಂದು ಕ್ಲಬ್ಬನ್ನು ಇವನಂತೆ ಕಟ್ಟಿ ನಿಲ್ಲಿಸಿದ ಆಟಗಾರ ನನಗಂತೂ ಇನ್ನೊಬ್ಬ ಕಾಣುವುದಿಲ್ಲ. ನೀನು ಪೂರ್ತಿ ಓದಿ ಆಮೇಲೆ ಜಗಳ ಮಾಡು.

ಮೊದಲು ಆಟ. 1952ರಲ್ಲಿ ಉಲ್ಮ್‌ನಲ್ಲಿ ಹುಟ್ಟಿದವನು. ಅಪ್ಪನದು ಮಾಂಸದ ಅಂಗಡಿ. 1970ರಲ್ಲಿ ಬೇಯರ್ನ್ ಮ್ಯೂನಿಕ್ ಕ್ಲಬ್ ಸೇರಿದ. 22 ತುಂಬುವುದರೊಳಗೆ ಜರ್ಮನಿ ತಂಡದ ಜೊತೆ ಯುರೋಪಿಯನ್ ಚಾಂಪಿಯನ್ ಆಗಿದ್ದ, 22ರಲ್ಲಿ ವಿಶ್ವಕಪ್ಪನ್ನೂ ಎತ್ತಿದ. ಅವನ ಆಟ ಏನೆಂದು ನೋಡಬೇಕಾದರೆ 1974ರ ಯುರೋಪಿಯನ್ ಕಪ್ (ಯುರೋಪಿನ ಕ್ಲಬ್ಬುಗಳ ಟೂರ್ನಿ) ಫೈನಲ್ ನೋಡು. ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ಮೊದಲ ಪಂದ್ಯ 1-1. ಎರಡು ದಿನ ಬಿಟ್ಟು ಬ್ರಸೆಲ್ಸ್‌ನಲ್ಲೇ ಮತ್ತೆ ಆಡಿಸಿದರು. ಬೇಯರ್ನ್ 4-0ಯಿಂದ ಗೆದ್ದಿತು. ಎರಡು ಗೋಲು ಜೊತೆಗಾರ ಗೆರ್ಡ್ ಮುಲ್ಲರ್‌ದು, ಎರಡು ಇವನದು. ಕೊನೆಯ ಗೋಲಿಗೆ ಮೈದಾನದ ನಡುವಿನಿಂದ ಚೆಂಡು ಹಿಡಿದು ಓಡಿದವನು ಗೋಲ್‌ಕೀಪರ್‌ನನ್ನೂ ದಾಟಿ ಖಾಲಿ ಗೋಲಿಗೆ ತಳ್ಳಿದ. ಆ ವೇಗ ನೋಡುತ್ತಿದ್ದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೋಲೂ ಅಷ್ಟೇ ಎಲ್ಲರ ಕಣ್ಣೆದುರಿಗೇ ಆದವು. 1974ರ ವಿಶ್ವಕಪ್ ಫೈನಲ್‌ನಲ್ಲಿ, ಜರ್ಮನ್ನರು ಇನ್ನೂ ಚೆಂಡು ಮುಟ್ಟುವ ಮೊದಲೇ, ಎದುರಾಳಿ ನೆದರ್ಲೆಂಡ್ಸ್‌ನ ಕ್ರೈಫ್‌ನನ್ನು ಕೆಡವಿ ಪೆನಾಲ್ಟಿ ಕೊಟ್ಟವನು ಇವನೇ. ಪಂದ್ಯವನ್ನೇನೋ ಜರ್ಮನಿ 2-1ರಿಂದ ಗೆದ್ದಿತು. ಆದರೆ 1976ರಲ್ಲಿ ಬೆಲ್‌ಗ್ರೇಡ್‌ನ ಯುರೋ (ಯುರೋಪಿನ ದೇಶಗಳ ಟೂರ್ನಿ) ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಇವನ ಒದೆತ ಅಡ್ಡಕಂಬದ ಮೇಲೆ ಆಕಾಶಕ್ಕೆ ಹೋಯಿತು. ಹಿಂದೆಯೇ ಬಂದ ಪನೆಂಕಾ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿದ, ಕಪ್ ಚೆಕೊಸ್ಲೊವಾಕಿಯಾ ಪಾಲಾಯಿತು. ಅಷ್ಟರಲ್ಲಿ ಮೊಣಕಾಲೂ ಕೆಟ್ಟಿತ್ತು. 1975ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಬಿದ್ದ ಪೆಟ್ಟಿನ ಮೇಲೆ ಹಳೆಯ ಓಟ ಪೂರ್ತಿ ಮರಳಲೇ ಇಲ್ಲ.

1979ರಲ್ಲಿ, 27ನೇ ವಯಸ್ಸಿಗೇ, ಆಟ ಬಿಟ್ಟು ಅದೇ ಕ್ಲಬ್ಬಿನ ಮ್ಯಾನೇಜರ್ ಆದ. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದು. ಜರ್ಮನಿಯಲ್ಲಿ ಮ್ಯಾನೇಜರ್ ಅಂದರೆ ಕೋಚ್ ಬೇರೆ, ಇವನು ಬೇರೆ. ಆಟಗಾರರ ಖರೀದಿ, ಸಂಬಳ, ಒಪ್ಪಂದ, ಪ್ರಾಯೋಜಕರು, ಎಲ್ಲ ಇವನ ತಲೆಗೆ. ಕ್ಲಬ್ಬು ಆಗ ಸಾಲದಲ್ಲಿ ಮುಳುಗಿತ್ತು. ಲೆಕ್ಕದ ತಲೆ ಮಾತ್ರ ಅವನಿಗೆ ಮೊದಲಿನಿಂದಲೂ ಇತ್ತು. 1978ರಲ್ಲಿ, ಇನ್ನೂ ಆಟಗಾರನಾಗಿದ್ದಾಗಲೇ, ತನ್ನ ಹುಟ್ಟೂರಿನ ಲಾರಿ ಕಂಪನಿ ಮಾಗಿರಸ್-ಡಾಯ್ಟ್ಸ್ ಅನ್ನು ಪ್ರಾಯೋಜಕನನ್ನಾಗಿ ತಂದ. ಗೆಳೆಯ ಪಾಲ್ ಬ್ರೈಟ್ನರ್‌ನನ್ನು ವಾಪಸ್ ಕರೆಸಲು ದುಡ್ಡು ಹೊಂದಿದ್ದು ಹಾಗೆ. ತಂಡಕ್ಕೆ ಏನು ಬೇಕು, ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು, ಎರಡನ್ನೂ ಒಟ್ಟಿಗೆ ಯೋಚಿಸುವ ಆಟಗಾರರು ಆಗ ಎಷ್ಟು ಜನ ಇದ್ದಿರಬಹುದು ಹೇಳು. 1984ರಲ್ಲಿ ತಂಡದ ತಾರೆ ರುಮ್ಮೆನಿಗೆಯನ್ನು ಇಟಲಿಯ ಇಂಟರ್ ಮಿಲಾನ್‌ಗೆ ಮಾರಿ ಸಾಲದ ಹೊರೆ ಇಳಿಸಿದ. ಆಮೇಲೆ ಹೆಚ್ಚುಕಡಿಮೆ ಪ್ರತಿವರ್ಷ ಲಾಭ. 2005ರಲ್ಲಿ ಹೊಸ ಸ್ಟೇಡಿಯಂ. ಅದರ ಸಾಲವನ್ನೂ 2014ರಲ್ಲೇ, ಗಡುವಿಗೆ ಬಹಳ ಮುಂಚೆ ತೀರಿಸಿದರು. ಮೂರು ದೊಡ್ಡ ಕಂಪನಿಗಳಿಗೆ ಪಾಲು ಕೊಟ್ಟರೂ ನಾಲ್ಕರಲ್ಲಿ ಮೂರು ಪಾಲು ಸದಸ್ಯರ ಕ್ಲಬ್ಬಿನ ಕೈಯಲ್ಲೇ ಉಳಿಯಿತು.

ಸ್ವಂತ ವ್ಯಾಪಾರವೂ ಇತ್ತು. 1985ರಲ್ಲಿ ಪಾಲುದಾರನ ಜೊತೆ ನ್ಯೂರೆಂಬರ್ಗ್‌ನಲ್ಲಿ ಸಾಸೇಜ್ ಕಾರ್ಖಾನೆ ಹಾಕಿದ. ಮಾಂಸದಂಗಡಿಯವನ ಮಗ, ಆ ಕಸುಬು ಗೊತ್ತಿತ್ತು.

ನಡುವೆ 1982ರ ಫೆಬ್ರವರಿ 17. ಪೋರ್ಚುಗಲ್ ಜೊತೆಗಿನ ಪಂದ್ಯ ನೋಡಲು ಹ್ಯಾನೋವರ್‌ಗೆ ಹೊರಟಿದ್ದ ಚಿಕ್ಕ ವಿಮಾನ ಬಿತ್ತು. ನಾಲ್ವರಲ್ಲಿ ಮೂವರು ತೀರಿಕೊಂಡರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಇವನೊಬ್ಬ ಉಳಿದ.

ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಗೆರ್ಡ್ ಮುಲ್ಲರ್ ವಿಷಯಕ್ಕೆ. ಜರ್ಮನಿ ಕಂಡ ಅತಿ ದೊಡ್ಡ ಗೋಲು ಗಳಿಕೆದಾರ, ಅಮೆರಿಕದಲ್ಲಿ ಆಡಿ ವಾಪಸ್ ಬಂದ ಮೇಲೆ ಕುಡಿತಕ್ಕೆ ಬಿದ್ದಿದ್ದ. 1990ರ ದಶಕದ ಶುರುವಿನಲ್ಲಿ ಹೋನೆಸ್ ಮತ್ತು ಹಳೆಯ ಜೊತೆಗಾರರು ಹಿಡಿದು ಚಿಕಿತ್ಸೆಗೆ ಸೇರಿಸಿದರು. ಗುಣವಾದ ಮೇಲೆ ಕ್ಲಬ್ಬಿನ ಕಿರಿಯರಿಗೆ ತರಬೇತಿ ಕೊಡುವ ಕೆಲಸ. ಸುಮ್ನೆ ಹೆಸರಿಗೊಂದು ಹುದ್ದೆ ಅಂದುಕೊಳ್ಳಬೇಡ. ಮುಲ್ಲರ್ ವರ್ಷಗಟ್ಟಲೆ ಹುಡುಗರ ಜೊತೆ ಮೈದಾನಕ್ಕೆ ಇಳಿದ. ಎದುರಾಳಿಗಳ ವಿಷಯದಲ್ಲೂ ಇದೇ ಕತೆ. 2003ರಲ್ಲಿ ಸೇಂಟ್ ಪೌಲಿ ಕ್ಲಬ್ ಮುಚ್ಚುವ ಸ್ಥಿತಿಗೆ ಬಂದಾಗ ಬೇಯರ್ನ್ ಅಲ್ಲಿಗೇ ಹೋಗಿ ಸಹಾಯಾರ್ಥ ಪಂದ್ಯ ಆಡಿತು. ಬದ್ಧ ಎದುರಾಳಿ ಡಾರ್ಟ್‌ಮುಂಡ್ ಸಂಬಳ ಕೊಡಲಾಗದೆ ನಿಂತಾಗ 20 ಲಕ್ಷ ಯೂರೋ ಸಾಲ ಕೊಟ್ಟಿತು.

ಈಗ ನೀನು ಹೇಳುವ ವಿಷಯ. 2009ರಲ್ಲಿ ಕ್ಲಬ್ಬಿನ ಅಧ್ಯಕ್ಷನಾಗಿದ್ದ. 2013ರಲ್ಲಿ ಸ್ವಿಸ್ ಬ್ಯಾಂಕಿನ ಗುಟ್ಟಿನ ಖಾತೆ ಹೊರಬಿತ್ತು. ಅದರಲ್ಲಿ ಕರೆನ್ಸಿ ಮೇಲೆ ಜೂಜಿನ ಹಾಗೆ ವ್ಯವಹಾರ ನಡೆಸಿದ್ದ. ತಾನಾಗಿಯೇ ತೆರಿಗೆ ಇಲಾಖೆಗೆ ವಿವರ ಕೊಟ್ಟಿದ್ದನೇನೋ ಸರಿ, ಆದರೆ ಅದು ಅರೆಬರೆ ಅಂತ ಕೋರ್ಟು ಒಪ್ಪಲಿಲ್ಲ. ಶುರುವಿನಲ್ಲಿ 35 ಲಕ್ಷ ಯೂರೋ ಅಂತಿದ್ದ ಆರೋಪ ನಾಲ್ಕೇ ದಿನದ ವಿಚಾರಣೆಯಲ್ಲಿ 2 ಕೋಟಿ 80 ಲಕ್ಷ ದಾಟಿತು. 2014ರ ಮಾರ್ಚ್‌ನಲ್ಲಿ ಮೂರೂವರೆ ವರ್ಷ ಶಿಕ್ಷೆ. ಮರುದಿನವೇ ಹುದ್ದೆ ಬಿಟ್ಟ, ಮೇಲ್ಮನವಿ ಹಾಕಲಿಲ್ಲ, ಲಾಂಡ್ಸ್‌ಬೆರ್ಗ್ ಜೈಲಿಗೆ ಹೋದ.

ಇದನ್ನು ನಾನು ಚಿಕ್ಕದು ಮಾಡಲಾರೆ. ಕ್ಲಬ್ಬಿನ ಪೈಸೆ ಪೈಸೆಗೂ ಲೆಕ್ಕ ಇಟ್ಟವನಿಗೆ ಸ್ವಂತ ಲೆಕ್ಕ ಗೊತ್ತಾಗಲಿಲ್ಲ ಅಂದರೆ ನಂಬೋದು ಹೇಗೆ? ಜೊತೆಗಾರ ಬಿದ್ದಾಗ ಎತ್ತಿದ ಮನುಷ್ಯ, ತೆರಿಗೆ ಅನ್ನೋದೂ ಅಂಥದ್ದೇ ಕೈಯಾಸರೆ ಅಂತ ಯಾಕೆ ನೋಡಲಿಲ್ಲ? ಅವನನ್ನು ಮೆಚ್ಚುವವನಾಗಿಯೇ ನನಗೆ ನೋವು ಜಾಸ್ತಿ.

2015ರಲ್ಲಿ ಹಗಲು ಹೊರಗೆ ದುಡಿಯುವ ಅವಕಾಶ ಸಿಕ್ಕಾಗ ಬೇಯರ್ನ್‌ನ ಯುವ ವಿಭಾಗದಲ್ಲಿ ಕೆಲಸ ಮಾಡಿದ. 2016ರ ಫೆಬ್ರವರಿಯಲ್ಲಿ ಬಿಡುಗಡೆ. ಅದೇ ನವೆಂಬರ್‌ನಲ್ಲಿ ಸದಸ್ಯರು ನೂರಕ್ಕೆ 95ಕ್ಕೂ ಹೆಚ್ಚು ಮತ ಕೊಟ್ಟು ಮತ್ತೆ ಅಧ್ಯಕ್ಷನನ್ನಾಗಿ ಮಾಡಿದರು. 2019ರಲ್ಲಿ ಆ ಹುದ್ದೆ ಬಿಟ್ಟ.

ಆ ಸಭೆಯಲ್ಲಿ ನಾನಿದ್ದಿದ್ದರೆ ಅಧ್ಯಕ್ಷಗಿರಿಗೆ ಕೈ ಎತ್ತುತ್ತಿರಲಿಲ್ಲ. ಶಿಕ್ಷೆ ಮುಗಿಸಿದವನಿಗೆ ಕೆಲಸ ಕೊಡಬೇಕು ನಿಜ, ಆದರೆ ಕ್ಲಬ್ಬಿನ ಮೊದಲ ಕುರ್ಚಿ ಅಷ್ಟು ಬೇಗ ಬೇಕಿರಲಿಲ್ಲ. ಯುವ ವಿಭಾಗದಲ್ಲೇ ಇರು, ಹುಡುಗರಿಗೆ ನೀನು ಬೇಕು ಅನ್ನುತ್ತಿದ್ದೆ. ನೀನಂತೂ ಅದಕ್ಕೂ ಒಪ್ಪುತ್ತಿರಲಿಲ್ಲ, ಅಲ್ವಾ? ಯಾಕೆ ಅಂತ ಬರೆ, ಆದರೆ ಮುಲ್ಲರ್‌ನನ್ನು ಬಿಟ್ಟು ಬರೆಯಬೇಡ.

ನಿನ್ನ ಗೆಳೆಯ