ಜನರ ಮತ ಕೇಳಿದ ಮೇಲೆ ಅದಕ್ಕೆ ಬೆಲೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮೇ ತಿಂಗಳಲ್ಲಿ ಯುರೋಪಿನ ದೇಶಗಳು ಒಂದೊಂದು ಹಾಡು ಕಳಿಸಿ ಪೈಪೋಟಿ ನಡೆಸುವ ಯೂರೋವಿಷನ್ ಹಾಡಿನ ಸ್ಪರ್ಧೆ ಮುಗಿದ ಮೇಲೆ ಪತ್ರಿಕೆಗಳಲ್ಲಿ ಗೆದ್ದವರ ಫೋಟೊ ಬರುತ್ತದೆ, ಕೆಳಗೆ ನಾಲ್ಕು ಸಾಲು ಸುದ್ದಿ, ಅಲ್ಲಿಗೆ ಮುಗೀತು. ಆದರೆ ನನ್ನ ಪ್ರಕಾರ ಈ ಸ್ಪರ್ಧೆಯ ದೊಡ್ಡ ತೀರ್ಮಾನ ಅದಕ್ಕೂ ಎಷ್ಟೋ ವಾರ ಮೊದಲೇ ಆಗಿಹೋಗಿರುತ್ತದೆ. ಒಂದು ದೇಶ ತನ್ನ ಹೆಸರಿನಲ್ಲಿ ಯಾವ ಹಾಡು ಕಳಿಸಬೇಕು? ಅದನ್ನು ಯಾರು ಹೇಳಬೇಕು? ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ, ಯಾಕಂದ್ರೆ ಅರ್ಧ ಹೇಳಿದರೆ ತಪ್ಪು ಅರ್ಥ ಬರುತ್ತದೆ.

1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ 7 ದೇಶಗಳು ಸೇರಿ ಈ ಸ್ಪರ್ಧೆ ಶುರು ಮಾಡಿದವು. ಹಾಡು ಆರಿಸುವ ಕೆಲಸ ಆಯಾ ದೇಶದ ಪ್ರಸಾರ ಸಂಸ್ಥೆಯದು. ಹೀಗೇ ಆರಿಸಬೇಕು ಎಂಬ ಕಟ್ಟುಪಾಡು ಇಲ್ಲ. ಇಟಲಿಗೆ 1951ರಿಂದ ನಡೆಯುತ್ತಿರುವ ಸಾನ್ ರೆಮೊ ಉತ್ಸವ ಇದೆ, ಅಲ್ಲಿ ಗೆದ್ದವರಿಗೆ ಹೋಗುವ ಅವಕಾಶ. ಸ್ವೀಡನ್ ವಾರಗಟ್ಟಲೆ ಬೇರೆ ಬೇರೆ ಊರುಗಳಲ್ಲಿ ಸುತ್ತುಗಳನ್ನು ನಡೆಸುತ್ತದೆ. ಇನ್ನು ಕೆಲವರು ಬಾಗಿಲು ಹಾಕಿಕೊಂಡು ಒಳಗೇ ಒಬ್ಬರನ್ನು ಆರಿಸಿ ಹೆಸರು ಪ್ರಕಟಿಸುತ್ತಾರೆ. ಬ್ರಿಟನ್ 2022ರಲ್ಲಿ ಸ್ಯಾಮ್ ರೈಡರ್ ಅವರನ್ನು ಹಾಗೆಯೇ ಕಳಿಸಿತು, ಅವರು ಎರಡನೆಯ ಸ್ಥಾನ ತಂದರು. ಅದರ ಬಗ್ಗೆ ನನ್ನ ತಕರಾರಿಲ್ಲ. ನಾವೇ ಆರಿಸಿದೆವು, ಸೋತರೆ ನಾವೇ ಹೊಣೆ ಎಂದು ಹೇಳುವುದರಲ್ಲಿ ಒಂದು ನೇರತನ ಇದೆ.

ನನ್ನ ತಕರಾರು ನಡುವೆ ನಿಂತವರ ಬಗ್ಗೆ. ದೊಡ್ಡ ವೇದಿಕೆ ಹಾಕಿ, ಟಿವಿಯಲ್ಲಿ ನೇರಪ್ರಸಾರ ಮಾಡಿ, ಫೋನ್ ಮಾಡಿ, ಮೆಸೇಜ್ ಕಳಿಸಿ, ನಿಮ್ಮ ಹಾಡನ್ನು ನೀವೇ ಆರಿಸಿ ಎಂದು ಜನರನ್ನು ಕರೆಯುತ್ತಾರೆ. ಆಮೇಲೆ ಆ ಮತದ ತೂಕವನ್ನು ಎಷ್ಟು ತೆಳ್ಳಗೆ ಮಾಡಿರುತ್ತಾರೆ ಅಂದರೆ, ಕೇಳಿದ್ದಾದರೂ ಯಾಕೆ ಅನ್ನಿಸುತ್ತದೆ.

2022ರ ಜನವರಿ 29ರಂದು ಸ್ಪೇನಿನ ಬೆನಿಡಾರ್ಮ್‌ನಲ್ಲಿ ನಡೆದದ್ದು ಇದೇ. ಅದಕ್ಕೂ ಹಿಂದಿನ ಎರಡು ವರ್ಷ ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿವಿಇ ಒಬ್ಬ ಗಾಯಕನನ್ನು ತಾನೇ ಆರಿಸಿತ್ತು. ಈ ಸಲ ಹೊಸದಾಗಿ ಬೆನಿಡಾರ್ಮ್ ಫೆಸ್ಟ್ ಶುರು ಮಾಡಿ ಜನರನ್ನು ಕರೆಯಿತು, ಜನ ಮನಸ್ಸಿಟ್ಟು ನೋಡಿದರು. ಕೊನೆಯಲ್ಲಿ ಪೈಪೋಟಿ ಉಳಿದದ್ದು ಮೂವರ ನಡುವೆ. ನೃತ್ಯ ಮತ್ತು ಹಾಡು ಎರಡರಲ್ಲೂ ಪಳಗಿದ ಶನೆಲ್, ಗಾಯಕಿ ರಿಗೊಬೆರ್ತಾ ಬಂದಿನಿ, ಮತ್ತು ತನ್ನದೇ ಭಾಷೆ ಇರುವ ಸ್ಪೇನಿನ ಪ್ರಾಂತ್ಯ ಗ್ಯಾಲಿಷಿಯಾದ ಮೂವರು ಹೆಣ್ಣುಮಕ್ಕಳ ತಂಡ ತಾನ್‌ಶುಗೇಯ್ರಾಸ್. ಈ ತಂಡದವರು ತಮ್ಮ ನಾಡಿನ ಕೈತಮಟೆ ಹಿಡಿದು, ಗ್ಯಾಲಿಷಿಯನ್ ಭಾಷೆಯಲ್ಲಿ, ಎದೆ ತುಂಬಿ ಹಾಡಿದರು. ಗಡಿಗಳಿಲ್ಲ ಎಂಬ ಒಂದೇ ಮಾತನ್ನು ಹಾಡಿನ ನಡುವೆ ಸ್ಪೇನಿನ ಬೇರೆ ಬೇರೆ ಭಾಷೆಗಳಲ್ಲಿ ಒಂದಾದ ಮೇಲೊಂದು ಹೇಳುತ್ತಾರೆ. ಅದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ತೀರ್ಪುಗಾರರಿಗೆ ಶೇ 50 ತೂಕ. ದೇಶದ ಜನರನ್ನು ಪ್ರತಿನಿಧಿಸುವಂತೆ ಆರಿಸಿದ ಒಂದು ಪ್ರೇಕ್ಷಕರ ಗುಂಪಿಗೆ ಶೇ 25. ಫೋನ್ ಮತ್ತು ಮೆಸೇಜ್ ಮಾಡಿದ ಜನರಿಗೆ ಉಳಿದ ಶೇ 25. ಆಮೇಲೆ ಹೊರಬಂದ ಅಂಕಿಅಂಶದ ಪ್ರಕಾರ ಜನರ ಮತದಲ್ಲಿ ತಾನ್‌ಶುಗೇಯ್ರಾಸ್‌ಗೆ ಬಿದ್ದದ್ದು ಶೇ 70ಕ್ಕೂ ಜಾಸ್ತಿ. ಬಂದಿನಿಗೆ ಸುಮಾರು ಶೇ 18. ಶನೆಲ್‌ಗೆ ಶೇ 4ಕ್ಕೂ ಕಡಿಮೆ. ಇಷ್ಟು ಅಂತರ ಇದ್ದ ಮೇಲೆ ಅಂಕದಲ್ಲೂ ಅಂತರ ಕಾಣಬೇಕಲ್ವಾ? ಇಲ್ಲ. ಮೊದಲ ಸ್ಥಾನಕ್ಕೆ 30, ಎರಡನೆಯದಕ್ಕೆ 25, ಮೂರನೆಯದಕ್ಕೆ 20 ಎಂದು ಮೊದಲೇ ಗೊತ್ತು ಮಾಡಿದ್ದರು. ಹಾಗಾಗಿ ಹತ್ತರಲ್ಲಿ ಏಳು ಮತ ಪಡೆದವರಿಗೆ 30 ಅಂಕ, ನೂರಕ್ಕೆ ನಾಲ್ಕೂ ಪಡೆಯದವರಿಗೆ 20 ಅಂಕ. ಒಟ್ಟು ಫಲಿತಾಂಶ: ಶನೆಲ್ 96, ಬಂದಿನಿ 91, ತಾನ್‌ಶುಗೇಯ್ರಾಸ್ 90. ಜನ ಒಬ್ಬರನ್ನೇ ಹೊತ್ತು ಮೆರೆಸಿದ್ದರು, ಅವರು ಮೂರನೆಯವರಾದರು.

ಕಳ್ಳ ಎಣಿಕೆ ನಡೆಯಿತು ಎಂದು ನಾನು ಹೇಳುತ್ತಿಲ್ಲ. ನಿಯಮ ಮೊದಲೇ ಹೇಳಿದ್ದರು, ಅದರಂತೆಯೇ ಕೂಡಿದರು. ತಪ್ಪು ಇರುವುದು ನಿಯಮದಲ್ಲೇ. ಸ್ಥಾನ ನೋಡಿ ಅಂಕ ಕೊಟ್ಟರೆ ಒಂದು ಮತದಿಂದ ಗೆದ್ದದ್ದೂ ಒಂದೇ, ಲಕ್ಷ ಮತದಿಂದ ಗೆದ್ದದ್ದೂ ಒಂದೇ. ಮತ ಹಾಕಿದ ಮನುಷ್ಯನಿಗೆ ಇದು ಗೊತ್ತಿರುವುದಿಲ್ಲ. ಅವನು ಕಾಸು ಕೊಟ್ಟು ಫೋನ್ ಮಾಡಿರುತ್ತಾನೆ, ತನ್ನ ಮತ ಎಣಿಕೆಗೆ ಸೇರುತ್ತದೆ ಅಂದುಕೊಂಡಿರುತ್ತಾನೆ.

ಗ್ಯಾಲಿಷಿಯಾದವರು ಒಗ್ಗಟ್ಟಾಗಿ ಫೋನ್ ಮಾಡಿದರು, ಅದಕ್ಕೇ ಅಷ್ಟು ಮತ ಬಿತ್ತು ಎಂದು ವಾದಿಸುವವರಿದ್ದಾರೆ. ಮಾಡಿರಬಹುದು. ಆದರೆ ಆಗ ಸ್ಪೇನಿನ ಜನಸಂಖ್ಯೆ ಸುಮಾರು 4 ಕೋಟಿ 70 ಲಕ್ಷ, ಗ್ಯಾಲಿಷಿಯಾದ್ದು 27 ಲಕ್ಷದ ಆಸುಪಾಸು. ಅದೂ ಹೋಗಲಿ. ದೇಶದ ಎಲ್ಲ ಕಡೆಯಿಂದ ಆರಿಸಿ ಕೂರಿಸಿದ್ದ ಆ ಪ್ರೇಕ್ಷಕರ ಗುಂಪು ಇತ್ತಲ್ಲ, ಅದಕ್ಕೆ ಯಾರ ಒಗ್ಗಟ್ಟೂ ಮುಟ್ಟುವಂತಿರಲಿಲ್ಲ. ಅದು ಕೂಡ ಮೊದಲ ಸ್ಥಾನ ಕೊಟ್ಟದ್ದು ಇದೇ ತಂಡಕ್ಕೆ. ಅಂದರೆ ಸಾಮಾನ್ಯ ಜನರನ್ನು ಎರಡು ಬಗೆಯಲ್ಲಿ ಕೇಳಿದರು, ಎರಡೂ ಸಲ ಒಂದೇ ಉತ್ತರ ಬಂತು. ತೀರ್ಪುಗಾರರು ಮಾತ್ರ ಶನೆಲ್‌ಗೆ 51 ಕೊಟ್ಟು ಇವರಿಗೆ 30 ಕೊಟ್ಟರು, ಅಲ್ಲಿಗೆ ಮುಗಿಯಿತು. ತೀರ್ಪುಗಾರರಲ್ಲಿ ಒಬ್ಬರು ಹಿಂದೆ ಶನೆಲ್ ಜೊತೆ ಕೆಲಸ ಮಾಡಿದ್ದವರು ಎಂಬ ಆಕ್ಷೇಪವೂ ಎದ್ದಿತು. ವಿಷಯ ಸಂಸತ್ತಿನವರೆಗೆ ಹೋಯಿತು.

ಗ್ಯಾಲಿಷಿಯಾದವರಿಗೆ ಯಾಕೆ ಅಷ್ಟು ನೋವಾಯಿತು ಎಂಬುದಕ್ಕೆ ಹಳೆಯ ಕಾರಣ ಇದೆ. 1961ರಿಂದ ಸ್ಪರ್ಧೆಯಲ್ಲಿದ್ದರೂ ಸ್ಪೇನ್ ಅದುವರೆಗೆ ಒಮ್ಮೆಯೂ ಗ್ಯಾಲಿಷಿಯನ್ ಹಾಡು ಕಳಿಸಿರಲಿಲ್ಲ. 1968ರಲ್ಲಿ ಗಾಯಕ ಜುವಾನ್ ಮ್ಯಾನುಯೆಲ್ ಸೆರಾಟ್ ತಮ್ಮ ಕ್ಯಾಟಲನ್ ಭಾಷೆಯಲ್ಲಿ ಹಾಡುತ್ತೇನೆ ಎಂದಾಗ ಸರ್ವಾಧಿಕಾರಿ ಫ್ರಾಂಕೋ ಆಡಳಿತ ಒಪ್ಪಲಿಲ್ಲ. ಅವರನ್ನು ಬಿಟ್ಟು ಅದೇ ಹಾಡನ್ನು ಗಾಯಕಿ ಮಾಸಿಯೆಲ್ ಅವರಿಂದ ಸ್ಪ್ಯಾನಿಷ್‌ನಲ್ಲಿ ಹಾಡಿಸಿದರು, ಅದು ಲಂಡನ್ನಿನಲ್ಲಿ ಗೆದ್ದಿತು. ಇಷ್ಟು ವರ್ಷ ಆದ ಮೇಲೆ ಜನರೇ ಒಂದು ಸಣ್ಣ ಭಾಷೆಯ ಹಾಡನ್ನು ಮೇಲೆತ್ತಿ ಹಿಡಿದಿದ್ದರು. ಅಂಥ ಗಳಿಗೆ ಸುಮ್ನೆ ಬರುವುದಿಲ್ಲ. ಬಂದದ್ದನ್ನು ಒಂದು ಅಂಕಪಟ್ಟಿ ತಿಂದುಹಾಕಿತು.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಜನರ ಸಿಟ್ಟು ಹೋಗಿ ಬಿದ್ದದ್ದು ಶನೆಲ್ ಮೇಲೆ. ಬೈಗುಳ ತಾಳಲಾರದೆ ಅವರು ಟ್ವಿಟರ್ ಬಿಟ್ಟು ಹೋದರು. ಅದು ಅನ್ಯಾಯ, ಶುದ್ಧ ಅನ್ಯಾಯ. ನಿಯಮ ಮಾಡಿದವರು ಅವರಲ್ಲ. ಅವರು ಬಂದರು, ಪ್ರಾಣ ಕೊಟ್ಟು ಕುಣಿದು ಹಾಡಿದರು. ಮೇ 14ರಂದು ಇಟಲಿಯ ಟ್ಯುರಿನ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯಲ್ಲಿ 459 ಅಂಕ ತೆಗೆದು ಮೂರನೆಯವರಾದರು. 1995ರ ನಂತರ ಸ್ಪೇನಿಗೆ ಸಿಕ್ಕ ಅತಿ ಒಳ್ಳೆಯ ಸ್ಥಾನ ಅದು. ಆ ರಾತ್ರಿ ಅವರನ್ನು ನೋಡಿದ ಯಾರಿಗೂ ಅವರು ಆ ವೇದಿಕೆಗೆ ತಕ್ಕವರಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ.

ನೋಡಿ, ತೀರ್ಪುಗಾರರೇ ಸರಿ ಎಂದಾಯಿತಲ್ಲ ಎಂದು ತುಂಬಾ ಜನ ಅಂದರು. ಹೊರಗೆ ಗೆಲ್ಲುವ ಹಾಡು ಯಾವುದು ಎಂದು ಊಹಿಸುವುದರಲ್ಲಿ ಅವರು ಸರಿ ಇದ್ದರು, ಒಪ್ಪುತ್ತೇನೆ. ಆದರೆ ಜನರಿಗೆ ಕೇಳಿದ ಪ್ರಶ್ನೆ ಅದಲ್ಲ. ನಮ್ಮ ಪರವಾಗಿ ಯಾರು ಹೋಗಬೇಕು ಎಂದು ಕೇಳಿದ್ದರು. ಹೊರಗಿನವರಿಗೆ ಏನು ಹಿಡಿಸುತ್ತದೆ ಎಂಬುದೇ ಮುಖ್ಯ ಆದರೆ ಪರಿಣತರನ್ನು ಕೂರಿಸಿ ಒಳಗೇ ಆರಿಸಲಿ, ಜನರನ್ನು ಯಾಕೆ ಎಬ್ಬಿಸಬೇಕು?

ಹೊರಗಿನ ಸ್ಥಾನವೇ ಹಾಡಿನ ಅಳತೆ ಅನ್ನುವವರು ಪೋರ್ಚುಗಲ್ ಕಡೆ ನೋಡಲಿ. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಪೌಲೊ ದ ಕರ್ವಾಲ್ಯೊ ಹಾಡಿದ ಪೋರ್ಚುಗಲ್‌ನ ಹಾಡಿಗೆ ಸಿಕ್ಕಿದ್ದು ಬರೀ 3 ಅಂಕ. ಇನ್ನೂ ಮೂರು ದೇಶಗಳ ಜೊತೆ ಕೊನೆಯ ಸ್ಥಾನ. ಆ ವರ್ಷ ಗೆದ್ದವರು ಸ್ವೀಡನ್ನಿನ ಅಬ್ಬಾ, ಎಲ್ಲರಿಗೂ ಗೊತ್ತು. ಮೂರು ವಾರ ಕೂಡ ಕಳೆದಿರಲಿಲ್ಲ, ಏಪ್ರಿಲ್ 24ರ ರಾತ್ರಿ ಲಿಸ್ಬನ್ನಿನ ರೇಡಿಯೊದಲ್ಲಿ ಅದೇ ಹಾಡು ಬಂತು. ಸರ್ವಾಧಿಕಾರದ ವಿರುದ್ಧ ಎದ್ದ ಸೈನಿಕರಿಗೆ ಅದು ಮೊದಲ ಸಂಕೇತ. ಮರುದಿನ ಹಲವು ದಶಕಗಳ ಆಡಳಿತ ಬಿದ್ದುಹೋಯಿತು. ಮನೆಮನೆಯಲ್ಲೂ ಗೊತ್ತಿದ್ದ, ಯಾರಿಗೂ ಅನುಮಾನ ಬಾರದ ಹಾಡು ಬೇಕಿತ್ತು, ಅದಕ್ಕೇ ಅದು. ಅದೇ ಪೋರ್ಚುಗಲ್ 2017ರಲ್ಲಿ ಸಾಲ್ವಡೋರ್ ಸೊಬ್ರಾಲ್ ಅವರನ್ನು ಕಳಿಸಿತು. ಅಕ್ಕ ಬರೆದ ಹಾಡು, ಪೋರ್ಚುಗೀಸ್ ಭಾಷೆ, ಕುಣಿತ ಇಲ್ಲ, ಬೆಂಕಿ ಇಲ್ಲ. ಕೀವ್‌ನಲ್ಲಿ 758 ಅಂಕ ಪಡೆದು ದೇಶಕ್ಕೆ ಮೊದಲ ಗೆಲುವು ತಂದರು. ತನ್ನ ಭಾಷೆಯಲ್ಲಿ ಹಾಡಿದರೆ ಹೊರಗೆ ಯಾರೂ ಕೇಳುವುದಿಲ್ಲ ಎಂಬ ಭಯಕ್ಕೆ ಇದಕ್ಕಿಂತ ಉತ್ತರ ಬೇಕಾ?

ಉಕ್ರೇನ್ 2022ರಲ್ಲಿ ಇನ್ನೊಂದು ಪಾಠ ಕಲಿಯಿತು. ಆಯ್ಕೆ ಸುತ್ತಿನಲ್ಲಿ ಜನರ ಮೊದಲ ಆಯ್ಕೆ ಕಲುಷ್ ಆರ್ಕೆಸ್ಟ್ರಾ, ತೀರ್ಪುಗಾರರದು ಬೇರೆಯವರು, ಒಟ್ಟು ಲೆಕ್ಕದಲ್ಲಿ ಕಲುಷ್ ಎರಡನೆಯದು. ರಷ್ಯಾ ವಶಪಡಿಸಿಕೊಂಡಿದ್ದ ಕ್ರೈಮಿಯಾಕ್ಕೆ ಗೆದ್ದ ಗಾಯಕಿ ಹಿಂದೆ ಮಾಡಿದ್ದ ಪ್ರಯಾಣದ ಬಗ್ಗೆ ಗದ್ದಲವಾಗಿ ಅವರು ಹಿಂದೆ ಸರಿದರು, ಕಲುಷ್ ಹೋಯಿತು, ಟ್ಯುರಿನ್‌ನಲ್ಲಿ ಗೆದ್ದಿತು. ಯುದ್ಧದ ಸಮಯ, ಯುರೋಪಿನ ಕನಿಕರವೂ ಅದರಲ್ಲಿ ಸೇರಿತ್ತು, ಸರಿ. ಆದರೆ ಮುಂದಿನ ಆಯ್ಕೆಗೆ ಅವರು ಏನು ಮಾಡಿದರು ಎಂಬುದೇ ನನಗೆ ಮುಖ್ಯ. ತೀರ್ಪುಗಾರರು ಯಾರಿರಬೇಕು ಎಂಬುದನ್ನೂ ಸರ್ಕಾರದ ದಿಯಾ ಆ್ಯಪ್‌ನಲ್ಲಿ ಜನರ ಕೈಗೇ ಕೊಟ್ಟರು. ಆ ಆಯ್ಕೆ ನಡೆದದ್ದು ಕೀವ್‌ನ ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ, ಮೇಲೆ ಬಾಂಬ್ ಬೀಳುವ ಭಯದ ನಡುವೆ. ಅಂಥ ಹೊತ್ತಲ್ಲೂ ಜನರನ್ನು ಕೇಳಲು ಅವರಿಗೆ ಪುರುಸೊತ್ತಿತ್ತು.

ಸ್ವೀಡನ್‌ನಲ್ಲಿ ಒಂದು ಕಾಲದಲ್ಲಿ ಮತದ ಶೇಕಡಾವಾರು ನೋಡಿಯೇ ಅಂಕ ಹಂಚುತ್ತಿದ್ದರು. ಈಗ ಆ್ಯಪ್‌ನಲ್ಲಿ ಬರುವ ಮತವನ್ನು ವಯಸ್ಸಿನ ಪ್ರಕಾರ 7 ಗುಂಪು ಮಾಡಿ, ಫೋನ್ ಮತವನ್ನು ಎಂಟನೆಯ ಗುಂಪು ಮಾಡಿ, ಎಲ್ಲ ಗುಂಪಿಗೂ ಸಮಾನ ಬೆಲೆ ಕೊಡುತ್ತಾರೆ. ಹದಿಹರೆಯದವರು ಎಷ್ಟೇ ಒತ್ತಿದರೂ ಅಜ್ಜಿಯ ಮತ ಮುಳುಗುವುದಿಲ್ಲ. ಜನರ ಪಾಲು ಅರ್ಧ, ಹೊರದೇಶದ ತೀರ್ಪುಗಾರರ ಪಾಲು ಅರ್ಧ. 2025ರಲ್ಲಿ ಈ ದಾರಿಯಲ್ಲೇ ಕೆಎಜೆ ತಂಡ ಗೆದ್ದಿತು. ಅವರು ಫಿನ್‌ಲೆಂಡಿನವರು, ಹಾಡಿದ್ದು ಅಲ್ಲಿನ ಹಳ್ಳಿಗಾಡಿನ ಸ್ವೀಡಿಷ್‌ನಲ್ಲಿ. ಸೋತವರಲ್ಲಿ ಹಿಂದೆ ಯೂರೋವಿಷನ್ ಗೆದ್ದಿದ್ದ ಮೋನ್ಸ್ ಸೆಲ್ಮರ್‌ಲೇವ್ ಕೂಡ ಇದ್ದರು. 1998ರ ನಂತರ ಸ್ವೀಡಿಷ್ ಭಾಷೆಯ ಹಾಡು ಹೋದದ್ದು ಅದೇ ಮೊದಲು. ಬಾಸೆಲ್‌ನಲ್ಲಿ ನಾಲ್ಕನೆಯ ಸ್ಥಾನ.

ತೀರ್ಪುಗಾರರೇ ಬೇಡ ಎಂದು ನಾನು ಹೇಳುವುದಿಲ್ಲ. ನೇರವಾಗಿ ಹಾಡುವಾಗ ದನಿ ಎಲ್ಲಿ ಜಾರುತ್ತದೆ, ಹಾಡು ಎಷ್ಟು ಗಟ್ಟಿ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅರ್ಧ ಅವರದೇ ಇರಲಿ. ಉಳಿದ ಅರ್ಧ ಜನರದ್ದು ಅಂದ ಮೇಲೆ ಜನರದ್ದೇ ಆಗಿರಬೇಕು. ಬಿದ್ದ ಮತಕ್ಕೆ ತಕ್ಕಷ್ಟು ಅಂಕ ಕೊಡಲಿ. ಯಾರಿಗೆ ಎಷ್ಟು ಮತ ಎಂಬುದನ್ನು ಗಲಾಟೆ ಎದ್ದ ಮೇಲಲ್ಲ, ಅದೇ ರಾತ್ರಿ ಪರದೆ ಮೇಲೆ ತೋರಿಸಲಿ. ಸ್ಪರ್ಧಿಯ ಜೊತೆ ಕೆಲಸ ಮಾಡಿದ ತೀರ್ಪುಗಾರ ಆ ಸಲ ಬದಿಗೆ ಕೂರಲಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಜನವರಿಯಿಂದ ಮಾರ್ಚ್‌ವರೆಗೆ ಯುರೋಪಿನ ದೇಶಗಳು ಒಂದೊಂದಾಗಿ ಹಾಡು ಆರಿಸುತ್ತವೆ. ಆಗ ಗೆದ್ದವರ ಹೆಸರಿನ ಜೊತೆ ಜನ ಎಷ್ಟು ಕೊಟ್ಟರು, ತೀರ್ಪುಗಾರರು ಎಷ್ಟು ಕೊಟ್ಟರು ಎಂಬ ಎರಡು ಅಂಕಿಯನ್ನೂ ಹಾಕಿ. ಜಾಗ ಜಾಸ್ತಿ ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಓದುಗ